ಚಿತ್ತಚೋರನ ಅಂಗಡಿ

ಚಿತ್ತಚೋರನೆಂದೊಡನೆ ನಮಗೆ ನೆನಪಾಗುವವನು ಗೋಕುಲದ ಕೃಷ್ಣ. ಜೇಕ್ ಕ್ಲೆನೆಲ್ ಅವರು 2006ರಲ್ಲಿ ಹೊರತಂದ ‘ದಿ ಗ್ರೇಟ್ ಹ್ಯಾಪಿನೆಸ್ ಸ್ಪೇಸ್’ ಎಂಬ ಸಾಕ್ಷ್ಯಚಿತ್ರವೂ ಒಬ್ಬ ಪ್ರೇಮಚೋರನ ಕಥೆಯೆಂದೇ ಹೇಳಿಕೊಳ್ಳುತ್ತದೆ. ಈತ ಜಪಾನಿನ ಒಸಾಕಾ ನಗರದವನು. ಈತನಿಗೆ ಒಂದು ಅಂಗಡಿಯೂ ಉಂಟು. ಅಂಥ ಅಂಗಡಿಗೆ ಅಲ್ಲಿ ಹೋಸ್ಟ್ ಕ್ಲಬ್ ಎನ್ನುತ್ತಾರೆ. ಸಿಂಗರಿಸಿಕೊಂಡ ತರುಣರು ಹೆಂಗಸರ ಪಕ್ಕದಲ್ಲಿ ಕುಳಿತು ಮಾತಾಡುತ್ತಾರೆ, ನಗಿಸುತ್ತಾರೆ, ಜೊತೆಯಲ್ಲಿ ಕುಡಿಯುತ್ತಾರೆ. ಮಾರುವುದು ಹೆಸರಿಗೆ ಮದ್ಯ. ನಿಜವಾಗಿ ಒಲವಿನ ಭ್ರಮೆ.

ಅಂಗಡಿಯ ಒಡೆಯ ಇಸ್ಸೇ 22 ವರ್ಷದ ಹುಡುಗ. ಯಾವಳೋ ದುಬಾರಿ ಷಾಂಪೇನ್ ತರಿಸಿದೊಡನೆ ಹುಡುಗರೆಲ್ಲ ಸುತ್ತ ನೆರೆದು ಕೂಗೆಬ್ಬಿಸುವುದನ್ನು ಕಂಡು ನನಗೆ ನಗು ಬಂತು. ಹಣ ಹೆಚ್ಚಾದವರ ಹುಚ್ಚಾಟವೆಂದುಕೊಂಡೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಈ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಬಂದಾಗ, ಅವರಲ್ಲಿ ಹಲವರು ತಾವೇ ಮೈಮಾರಿ ಬದುಕುವವರೆಂದು ತಿಳಿಯುತ್ತದೆ. ಗಂಡಸರಿಗೆ ಸುಳ್ಳೊಲವು ಮಾರಿ ಗಳಿಸಿದ್ದನ್ನು ತಂದು, ಇಲ್ಲಿ ತಮಗಾಗಿ ಸುಳ್ಳೊಲವನ್ನು ಕೊಳ್ಳುತ್ತಾರೆ! ಸುಳ್ಳೆಂದು ಅರಿಯದವರೇ ಇವರು? ಆ ಕಸುಬನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಿರ್ದೇಶಕರು ಈ ಸಂಗತಿಯನ್ನು ಮೊದಲೇ ಬಿಟ್ಟುಕೊಡದೆ ತಡೆಹಿಡಿದಿದ್ದಾರೆ. ಇದನ್ನು ಬರಿಯ ಚಮತ್ಕಾರವೆನ್ನಲಾರೆ. ನೋಡುಗನು ತೀರ್ಪು ಕೊಟ್ಟು ಕುಳಿತ ಮೇಲೆ ಸಾಕ್ಷ್ಯ ಬರುತ್ತದೆ, ನನ್ನಂಥವನು ತಲೆತಗ್ಗಿಸಬೇಕಾಗುತ್ತದೆ. ಅತ್ತ ಇಸ್ಸೇಯೂ ಸುಖಿಯಲ್ಲ. ಇರುಳೆಲ್ಲ ಕುಡಿದು, ಸುಳ್ಳಾಡಿ ದಣಿದ ಅವನಿಗೆ ಯಾರ ಪ್ರೀತಿಯನ್ನೂ ನಂಬುವ ಶಕ್ತಿ ಉಳಿದಂತಿಲ್ಲ.

ಆದರೆ ಇಲ್ಲಿಯೇ ನನ್ನದೊಂದು ತಕರಾರು. ಚಿತ್ರವು ಇಬ್ಬರಿಗೂ ಸಮನಾಗಿ ಕರುಣೆ ಹಂಚುತ್ತದೆ. ಅಂಗಡಿಯ ಲೆಕ್ಕ ಅಷ್ಟು ಸಮನಾದುದಲ್ಲ. ಇಂಥ ಕ್ಲಬ್ಬುಗಳಲ್ಲಿ ‘ಉರಿಕಾಕೆ’ ಎಂಬ ಪದ್ಧತಿಯೊಂದು ಬೆಳೆದು ಬಂತು. ಕೈಯಲ್ಲಿ ಹಣವಿಲ್ಲದಿದ್ದರೂ ಬಾಟಲಿ ತರಿಸಬಹುದು, ಬಾಕಿ ಬರೆದುಕೊಳ್ಳುತ್ತಾರೆ. ಗಿರಾಕಿ ಕೊಡದಿದ್ದರೆ ಆ ಬಾಕಿ ಹೋಸ್ಟನ ತಲೆಗೆ; ಆದ್ದರಿಂದ ಅವನೇ ಬೆನ್ನು ಹತ್ತುತ್ತಾನೆ. ಹೀಗೆ ಸಾಲ ತೀರಿಸಲೆಂದೇ ಮೈಮಾರುವ ದಾರಿಗೆ ಬಿದ್ದ ಹೆಣ್ಣುಮಕ್ಕಳ ಗೋಳು ಜಪಾನಿನಲ್ಲಿ ದೊಡ್ಡ ಚರ್ಚೆಯಾಗಿ, 2025ರಲ್ಲಿ ಅಲ್ಲಿನ ಕಾನೂನನ್ನೇ ತಿದ್ದಿದರು. ಪ್ರೇಮಭಾವವನ್ನು ದುರುಪಯೋಗಪಡಿಸಿ ಗಿರಾಕಿಯಿಂದ ಖರ್ಚು ಮಾಡಿಸುವುದೂ, ಸಾಲಕ್ಕಾಗಿ ಅವಳನ್ನು ವೇಶ್ಯಾವೃತ್ತಿಗೆ ದೂಡುವುದೂ ಈಗ ನಿಷಿದ್ಧ.

ಕ್ಲೆನೆಲ್ ಅವರ ಕ್ಯಾಮೆರಾ ಮುಖಗಳನ್ನು ಓದಿದಷ್ಟು ಚೆನ್ನಾಗಿ ಆ ಬಾಕಿ ಪುಸ್ತಕವನ್ನೂ ಓದಿದ್ದರೆ ಎಂದು ನನಗೆ ಅನ್ನಿಸಿತು. ಇಬ್ಬರೂ ದುಃಖಿಗಳೆಂಬುದು ದಿಟವೇ. ಅವರಲ್ಲಿ ಒಬ್ಬರ ದುಃಖದಿಂದ ಇನ್ನೊಬ್ಬರ ಅಂಗಡಿ ನಡೆಯುತ್ತದೆಂಬುದೂ ಅಷ್ಟೇ ದಿಟ. ಈ ಕೊರತೆಯಿದ್ದರೂ ಚಿತ್ರವನ್ನು ನೋಡಲೇಬೇಕೆಂದು ಹೇಳುತ್ತೇನೆ. ಪರರ ಮರುಳನ್ನು ಕಂಡು ನಗುವ ಮೊದಲು ಎರಡು ಬಾರಿ ಯೋಚಿಸುವುದನ್ನು ನನಗಂತೂ ಅದು ಕಲಿಸಿದೆ.