‘ಒಂದು ಒಳ್ಳೆ ಪ್ರಿಂಟರ್ ಬೇಕಿತ್ತು’: ಪದಶಃ ವ್ಯಾಖ್ಯಾನ

ಮೂಲ: “ಅಣ್ಣಾ, ಒಂದು ಒಳ್ಳೆ ಪ್ರಿಂಟರ್ ಬೇಕಿತ್ತು. ದಿನಾ ಐವತ್ತು ಅರವತ್ತು ಪಹಣಿ, ಅರ್ಜಿ ಬೀಳ್ತವೆ. ಆಗೊಂದು ಈಗೊಂದು ಫೋಟೊ. ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ. ಹಾಳೆಗೆ ಎಷ್ಟು ಬೀಳುತ್ತೆ? ಕೆಟ್ರೆ ಇಲ್ಲೇ ರಿಪೇರಿ ಆಗ್ಬೇಕು.”

ಕಡೂರು, ತರೀಕೆರೆ, ಅಜ್ಜಂಪುರಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಗಿರಾಕಿಗಳು ಆಡುವ ಮಾತಿನ ಮಾದರಿಯಲ್ಲಿ ಹೆಣೆದ ವಾಕ್ಯಸಮೂಹವಿದು. ಹೇಳುವವನು ಹೋಬಳಿ ಊರಿನಲ್ಲಿ ಜೆರಾಕ್ಸ್ ಅಂಗಡಿ ತೆರೆಯಹೊರಟವನೆಂದು ಗ್ರಹಿಸತಕ್ಕದ್ದು. ಮಾತು ಚಿಕ್ಕದು. ಆದರೆ ಯಾವ ಬಗೆಯ ಯಂತ್ರವನ್ನು ಕೊಳ್ಳಬೇಕೆಂಬ ನಿರ್ಣಯಕ್ಕೆ ಬೇಕಾದುದೆಲ್ಲವೂ ಇದರಲ್ಲಿ ಅಡಕವಾಗಿದೆ. ಬಿಡಿಸಿ ಓದುವವನಿಲ್ಲದಿದ್ದರೆ ಗಿರಾಕಿಯು ಅಂಗಡಿಯಲ್ಲಿ ದಾಸ್ತಾನಿದ್ದ ಯಂತ್ರವನ್ನೇ ಹೊತ್ತು ಹೋಗುವನು.

‘ಅಣ್ಣಾ’ ಎಂಬುದು ಸಂಬೋಧನೆ. ಈ ಒಂದು ಪದದಿಂದ ಗಿರಾಕಿಯು ನಿರ್ಣಯದ ಭಾರವನ್ನು ಅಂಗಡಿಯವನ ಮೇಲಿಟ್ಟಿದ್ದಾನೆ. ಹಾಗೆ ಕರೆಸಿಕೊಂಡವನು ಪೆಟ್ಟಿಗೆಯ ಮೇಲಿನ ಬೆಲೆಯನ್ನು ಮಾತ್ರ ಹೇಳಿ ಸುಮ್ಮನಾಗತಕ್ಕದ್ದಲ್ಲ. ಮುಂದಿನ ಐದು ವಾಕ್ಯಗಳನ್ನು ಪೂರ್ತಿ ಕೇಳತಕ್ಕದ್ದು.

‘ಒಳ್ಳೆ ಪ್ರಿಂಟರ್’ ಎಂಬಲ್ಲಿ ‘ಒಳ್ಳೆ’ ಎಂಬ ವಿಶೇಷಣಕ್ಕೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಯಾವ ಕೆಲಸಕ್ಕೆ ಒಳ್ಳೆಯದು ಎಂಬ ಆಕಾಂಕ್ಷೆ, ಅಂದರೆ ಪೂರೈಕೆಯನ್ನು ಬೇಡುವ ಕೊರತೆ, ಅದರಲ್ಲಿ ಉಳಿದೇ ಇದೆ. ಮುದ್ರಕಗಳು ಮುಖ್ಯವಾಗಿ ನಾಲ್ಕು ಬಗೆ. ಸೂಜಿಗಳು ರಿಬ್ಬನ್ನಿನ ಮೇಲೆ ಬಡಿದು ಚುಕ್ಕೆಯಿಡುವುದು ಡಾಟ್ ಮ್ಯಾಟ್ರಿಕ್ಸ್. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಹಾಳೆಯ ಮೇಲೆ ಚಿಮ್ಮುವುದು ಇಂಕ್‌ಜೆಟ್. ಬಾಟಲಿಯಿಂದ ಇಂಕು ಹೊಯ್ಯುವ ಇಂಕ್ ಟ್ಯಾಂಕ್ ಇದರದೇ ಪ್ರಭೇದ. ವಿದ್ಯುತ್ ಆವೇಶದಿಂದ ಟೋನರ್ ಎಂಬ ಪುಡಿಯನ್ನು ಸೆಳೆದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಾಳೆಗೆ ಕರಗಿಸಿ ಅಂಟಿಸುವುದು ಲೇಸರ್. ಬಿಸಿ ತಗುಲಿದರೆ ಕಪ್ಪಾಗುವ ಕಾಗದದ ಮೇಲೆ ಇಂಕೇ ಇಲ್ಲದೆ ಮೂಡಿಸುವುದು ಥರ್ಮಲ್. ಬಸ್ಸಿನ ಟಿಕೆಟ್ ಯಂತ್ರದಲ್ಲಿರುವುದು ಇದು. ಥರ್ಮಲ್ ಅಚ್ಚು ಬಿಸಿಲಿಗೂ ಕಾಲಕ್ಕೂ ಮಾಸುವುದರಿಂದ ಪಹಣಿಯ ಪ್ರಸ್ತಾಪದಲ್ಲಿ ಅದನ್ನು ಇಲ್ಲಿಗೇ ಬಿಡುವುದು. ಉಳಿದ ಮೂರರಲ್ಲಿ ಒಳ್ಳೆಯದು ಯಾವುದೆಂಬುದನ್ನು ಮುಂದಿನ ಪದಗಳು ಹೇಳಬೇಕು.

‘ದಿನಾ ಐವತ್ತು ಅರವತ್ತು’ ಎಂಬಲ್ಲಿ ಎರಡು ಸಂಗತಿಗಳು ಉಕ್ತವಾಗಿವೆ. ಮೊದಲನೆಯದು ಪ್ರಮಾಣ. ತಿಂಗಳಿಗೆ 25 ದಿನ ಅಂಗಡಿ ತೆರೆದರೆ 1,250ರಿಂದ 1,500 ಹಾಳೆ. ಮನೆಬಳಕೆಗೆಂದು ಅಗ್ಗಕ್ಕೆ ಸಿಗುವ ಸಣ್ಣ ಕಾರ್ಟ್ರಿಜ್ಜಿನ ಇಂಕ್‌ಜೆಟ್ಟುಗಳಲ್ಲಿ ಒಂದು ಕಾರ್ಟ್ರಿಜ್ ನೂರಿನ್ನೂರು ಹಾಳೆಗೆ ಮುಗಿಯುವುದುಂಟು. ಈ ಗಿರಾಕಿಯ ಕೈಯಲ್ಲಿ ಅದು ಒಂದು ವಾರವನ್ನೂ ಕಾಣದು. ಎರಡನೆಯದು ‘ದಿನಾ’ ಎಂಬ ಪದ. ಇದನ್ನು ಸುಮ್ಮನೆ ದಾಟಬಾರದು. ಇಂಕು ದ್ರವವಾದುದರಿಂದ ದಿನವೂ ಹರಿಯುತ್ತಿದ್ದರೆ ಕ್ಷೇಮ. ವಾರಗಟ್ಟಲೆ ನಿಂತರೆ ಹನಿ ಚಿಮ್ಮುವ ತಲೆಯ ಸೂಕ್ಷ್ಮ ರಂಧ್ರಗಳಲ್ಲಿ ಒಣಗಿ ಕಟ್ಟಿಕೊಳ್ಳುವುದು. ಟೋನರ್ ಪುಡಿಯಾದುದರಿಂದ ಅದಕ್ಕೆ ಈ ಬಾಧೆಯಿಲ್ಲ. ಆದುದರಿಂದ ತಿಂಗಳಿಗೊಮ್ಮೆ ಮಗುವಿನ ಪ್ರಾಜೆಕ್ಟ್ ಹಾಳೆ ತೆಗೆಯುವ ಮನೆಗೆ, ಹಾಳೆಗಳು ಕೆಲವೇ ಇದ್ದರೂ, ಕಪ್ಪು ಲೇಸರ್ ನಿಶ್ಚಿಂತೆಯದು. ದಿನವೂ ಕೆಲಸವಿರುವ ಈತನಿಗೆ ಇಂಕಿನ ದಾರಿಯೂ ತೆರೆದಿದೆ, ಲೇಸರಿನದೂ ತೆರೆದಿದೆ. ಈ ಪದಗಳಿಂದ ಬಗೆ ಇನ್ನೂ ನಿಶ್ಚಿತವಾಗಿಲ್ಲ.

‘ಪಹಣಿ’ ಎಂಬುದು ಈ ಮೂಲದ ಹೃದಯಸ್ಥಾನ. ಹೊಲದ ಹಕ್ಕು, ಗೇಣಿ, ಬೆಳೆಗಳನ್ನು ಒಂದೇ ಹಾಳೆಯಲ್ಲಿ ತೋರುವ ದಾಖಲೆ ಪಹಣಿ. ಶಾನುಭೋಗರ, ಅವರ ತರುವಾಯ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಯನ್ನು ರಾಜ್ಯ ಸರ್ಕಾರದ ಭೂಮಿ ಯೋಜನೆಯು ಗಣಕಕ್ಕೆ ಏರಿಸಿತು. ಅಂದು ರಾಜ್ಯದಲ್ಲಿದ್ದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಹೀಗೆ ಏರಿ, 2002ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾಗಿ ದೊರೆಯತೊಡಗಿದವು. ಕಡೂರು, ತರೀಕೆರೆಗಳು ಆ 177ರಲ್ಲಿ ಸೇರಿದ್ದವು. ಅಜ್ಜಂಪುರವು ಆಗ ತರೀಕೆರೆಯ ಒಳಗೇ ಇತ್ತು, ಬೇರೆ ತಾಲ್ಲೂಕಾದದ್ದು ಅನಂತರ. ಅಂದಿನಿಂದ ರೈತನ ಹಕ್ಕಿನ ರೂಪವು ಮುದ್ರಕದ ಯೋಗ್ಯತೆಯನ್ನು ಅವಲಂಬಿಸಿದೆ. ಇದು ಸಾಮಾನ್ಯ ಸಂಗತಿಯಲ್ಲ.

ಆ ಯೋಗ್ಯತೆ ಎಂಥದು? ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆಗಳ ನಡುವೆ ಚುಕ್ಕೆಯಿಟ್ಟು ಬರೆಯುವರು. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಇದು ಎರಡೂವರೆ ಎಕರೆ. ಆ ಚುಕ್ಕೆ ಮೂಡದಿದ್ದರೆ ಸಂಖ್ಯೆಯೇ ಬೇರೆ. ಇನ್ನು ಲಿಪಿ. ಕನ್ನಡದ ಅಕ್ಷರವು ಸಾಲಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ಒತ್ತು ಕೆಳಗಿಳಿಯುವುದು, ಗುಣಿತ ಮೇಲೇರುವುದು, ಅರ್ಕಾವೊತ್ತು ಪಕ್ಕಕ್ಕೆ ಸರಿಯುವುದು. ‘ವಿಸ್ತೀರ್ಣ’ ಎಂಬ ಒಂದೇ ಪದದಲ್ಲಿ ತವೊತ್ತು, ದೀರ್ಘ, ಅರ್ಕಾವೊತ್ತು ಮೂರೂ ಇವೆ. ಒಂಬತ್ತು ಸೂಜಿಯ ಡಾಟ್ ಮ್ಯಾಟ್ರಿಕ್ಸ್ ತನ್ನೊಳಗೆ ಇಂಗ್ಲಿಷ್ ಅಕ್ಷರಗಳನ್ನು ಸಿದ್ಧವಾಗಿಟ್ಟುಕೊಂಡು ಬಂದುದು. ಕನ್ನಡವನ್ನು ಅದಕ್ಕೆ ಚಿತ್ರವಾಗಿ ಕಳುಹಿಸಬೇಕು. ಚಿತ್ರವಾದಾಗ ತಲೆಯು ಒಂದೇ ಸಾಲಿಗೆ ಹಲವು ಬಾರಿ ಓಡಾಡುವುದು, ವೇಗ ಕುಗ್ಗುವುದು, ಸಣ್ಣ ಒತ್ತಕ್ಷರ ಕಲಸಿಹೋಗುವುದು. ಇಪ್ಪತ್ತನಾಲ್ಕು ಸೂಜಿಯದು ಅಂಗುಲಕ್ಕೆ 360 ಚುಕ್ಕೆಗಳವರೆಗೆ ಇಡಬಲ್ಲುದಾಗಿ ಇದಕ್ಕಿಂತ ಮೇಲು. ಸಾಮಾನ್ಯ ಲೇಸರ್ 600 ಚುಕ್ಕೆಗಳನ್ನು ಇಡುವುದರಿಂದ ಒತ್ತು ಒತ್ತಾಗಿಯೂ ಗೆರೆ ಗೆರೆಯಾಗಿಯೂ ನಿಲ್ಲುವುವು. ಪ್ರಮಾಣಪತ್ರಗಳ ಮೇಲಿನ ಕ್ಯೂಆರ್ ಚೌಕವನ್ನು ಮೊಬೈಲು ಓದಬೇಕಾದರೂ ಅಂಚು ಹೀಗೆಯೇ ಹರಿತವಿರಬೇಕು.

ಶಂಕೆ: ಹಾಗಾದರೆ ಡಾಟ್ ಮ್ಯಾಟ್ರಿಕ್ಸ್ ಕಾಲ ಮುಗಿದ ವಸ್ತುವೋ? ಸಮಾಧಾನ: ಅಲ್ಲ. ಇದೇ ಮೂಲವನ್ನು ಬೀರೂರಿನ ಅಥವಾ ತರೀಕೆರೆಯ ಅಡಿಕೆ ಮಂಡಿಯವನು ಹೇಳಿದ್ದರೆ ಅರ್ಥವೇ ಬದಲಾಗುತ್ತಿತ್ತು. ಮಂಡಿಯ ಚೀಟಿಯು ರೈತನಿಗೊಂದು, ಖರೀದಿದಾರನಿಗೊಂದು, ಕಡತಕ್ಕೊಂದು ಎಂದು ಕಾರ್ಬನ್ ಸಹಿತ ಏಕಕಾಲಕ್ಕೆ ಮೂಡಬೇಕು. ಬಡಿಯುವ ಯಂತ್ರಕ್ಕೆ ಮಾತ್ರ ಇದು ಸಾಧ್ಯ. ಇಂಕಿಗಾಗಲಿ ಟೋನರಿಗಾಗಲಿ ಮೇಲಿನ ಹಾಳೆಯನ್ನು ದಾಟುವ ಬಲವಿಲ್ಲ. ಬ್ಯಾಂಕಿನಲ್ಲಿ ಪಾಸ್‌ಬುಕ್ ತುಂಬುವ ಯಂತ್ರವೂ ಇದೇ ಕುಲದ್ದು. ಪ್ರಸ್ತುತ ಗಿರಾಕಿಗೆ ಪ್ರತಿಗಳು ಬೇಡವಾದುದರಿಂದ ಅದು ಇಲ್ಲಿ ಅನ್ವಯಿಸದು.

‘ಅರ್ಜಿ’ ಎಂಬ ಪದದೊಳಗೆ ಹೇಳದೆ ಬಿಟ್ಟದ್ದೊಂದಿದೆ. ಅರ್ಜಿಯು ಒಂಟಿಯಾಗಿ ಹೋಗುವುದಿಲ್ಲ. ಆಧಾರಿನ ಎರಡೂ ಬದಿ, ರೇಷನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ ಅದರ ಬೆನ್ನಿಗಿರುವುವು. ನಾಡಕಚೇರಿಗೆ ಹೋಗುವವನು ಮೊದಲು ಜೆರಾಕ್ಸ್ ಕೇಳುವನು, ಆನ್‌ಲೈನ್ ಅರ್ಜಿ ಹಾಕುವವನು ಸ್ಕ್ಯಾನ್ ಕೇಳುವನು. ಆದುದರಿಂದ ‘ಪ್ರಿಂಟರ್’ ಎಂದು ಗಿರಾಕಿ ಹೇಳಿದರೂ, ಮೇಲೆ ಗಾಜಿನ ಹಾಸುಳ್ಳ, ಅಂದರೆ ನಕಲು ಮತ್ತು ಸ್ಕ್ಯಾನ್ ಸೌಕರ್ಯ ಕೂಡಿದ ಯಂತ್ರವೆಂದೇ ಅರ್ಥೈಸಬೇಕು. ಬರೀ ಅಚ್ಚು ಹಾಕುವ ಯಂತ್ರ ಕೊಟ್ಟರೆ ಒಂದೇ ವಾರದಲ್ಲಿ ಆತ ಮರಳಿ ಬರುವನು.

‘ಆಗೊಂದು ಈಗೊಂದು ಫೋಟೊ’. ಫೋಟೊ ಎಂದರೆ ಇಲ್ಲಿ ಪಾಸ್‌ಪೋರ್ಟ್ ಅಳತೆಯ ಬಣ್ಣದ ಚಿತ್ರ. ಹೊಳಪಿನ ಫೋಟೊ ಪೇಪರಿನ ಮೇಲೆ ಮುಖದ ಬಣ್ಣಗಳು ಮೃದುವಾಗಿ ಬೆರೆಯುವುದು ಇಂಕಿನಿಂದ. ಕಪ್ಪು ಲೇಸರಿಗೆ ಇದು ಸಾಧ್ಯವೇ ಇಲ್ಲ. ಇಲ್ಲಿ ಮೂಲದ ಎರಡು ವಾಕ್ಯಗಳು ಪರಸ್ಪರ ವಿರೋಧಿಸುವಂತೆ ತೋರುವುವು. ವಿರೋಧವನ್ನು ಪರಿಹರಿಸುವ ಕೀಲಿ ‘ಆಗೊಂದು ಈಗೊಂದು’ ಎಂಬುದರಲ್ಲಿದೆ. ವಾಕ್ಯದಲ್ಲಿ ಪ್ರಧಾನವಾದುದು ಬೇರೆ, ಪ್ರಧಾನಕ್ಕೆ ಅಂಗವಾಗಿ ಬಂದುದು ಬೇರೆ. ಪಹಣಿಯು ದಿನನಿತ್ಯದ್ದು, ಫೋಟೊ ಅಪರೂಪದ್ದು; ಆದುದರಿಂದ ಪಹಣಿಯೇ ಪ್ರಧಾನ. ಅಂಗಕ್ಕಾಗಿ ಪ್ರಧಾನವನ್ನು ಕೆಡಿಸಲಾಗದು. ಪಹಣಿಯನ್ನು ರೈತನು ಜೇಬಿನಲ್ಲಿ ಮಡಿಸಿ, ಮಳೆಯಲ್ಲಿ ನಡೆದು, ಸೊಸೈಟಿಗೆ ಸಾಲಕ್ಕೆ ಕೊಡುವನು. ಡೈ ಜಾತಿಯ ಇಂಕು ನೀರು ತಗುಲಿದರೆ ಹರಡುವುದು. ಕರಗಿ ಅಂಟಿದ ಟೋನರ್ ಹರಡದು. ಕಪ್ಪು ಲೇಸರಿನ ಪಕ್ಷಕ್ಕೆ ನಿರ್ಣಯ ವಾಲುವುದು ಈ ಕಾರಣದಿಂದ. ಫೋಟೊದ ಗಿರಾಕಿಯನ್ನು ಸದ್ಯಕ್ಕೆ ಸ್ಟುಡಿಯೋಗೆ ಕಳುಹಿಸುವುದೇ ಯುಕ್ತ. ಕೇಳುವವರು ಹೆಚ್ಚಾದಾಗ ಪಕ್ಕದಲ್ಲೊಂದು ಇಂಕ್ ಟ್ಯಾಂಕ್ ಇಡಬಹುದು.

‘ಕರೆಂಟು ಹೋಗಿ ಬಂದು ಮಾಡುತ್ತೆ’ ಎಂಬುದು ಈ ನಿರ್ಣಯಕ್ಕೆ ಬರುವ ಬಲವಾದ ಆಕ್ಷೇಪ. ಲೇಸರ್ ತನ್ನ ಉರುಳೆಯನ್ನು ಕಾಯಿಸುವಾಗ ನೂರಾರು ವಾಟ್ ಎಳೆಯುವುದು. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಕೊಡಬಲ್ಲುದು ಸುಮಾರು 360 ವಾಟ್. ಲೇಸರನ್ನು ಅದಕ್ಕೆ ಸಿಕ್ಕಿಸಿದರೆ ಎರಡೂ ನಿಲ್ಲುವುವು. ಲೇಸರನ್ನು ಗೋಡೆಯ ಪ್ಲಗ್ಗಿಗೇ ಹಾಕಬೇಕು, ಕರೆಂಟು ಬರುವತನಕ ಕಾಯಬೇಕು. ಇಂಕ್ ಟ್ಯಾಂಕಿಗೆ ಹತ್ತಿಪ್ಪತ್ತು ವಾಟ್ ಸಾಕಾದುದರಿಂದ ಸಣ್ಣ ಯುಪಿಎಸ್ಸಿನ ಮೇಲೂ ನಡೆಯುವುದು. ಆದರೆ ಅಚ್ಚಿನ ನಡುವೆ ಒಮ್ಮೆಲೆ ಕರೆಂಟು ಹೋದರೆ ಅದರ ತಲೆಯು ಮುಚ್ಚಳದ ತಾಣಕ್ಕೆ ಮರಳದೆ ತೆರೆದೇ ನಿಂತು ಒಣಗುವ ಭಯವುಂಟು. ಅದಕ್ಕಾಗಿಯೇ ಯಂತ್ರದ ಗುಂಡಿಯಿಂದ ಆರಿಸಬೇಕೇ ಹೊರತು ಗೋಡೆಯ ಸ್ವಿಚ್ಚಿನಿಂದಲ್ಲ. ‘ಹೋಗಿ ಬಂದು’ ಎಂದಿರುವುದರಿಂದ ಹೋದದ್ದು ಬೇಗ ಬರುವುದೆಂದು ತಿಳಿಯುತ್ತದೆ. ಆದುದರಿಂದ ಲೇಸರಿನ ನಿರ್ಣಯ ನಿಲ್ಲುತ್ತದೆ. ‘ಹೋದರೆ ಸಂಜೆಗೇ’ ಎಂದಿದ್ದರೆ ಇಂಕ್ ಟ್ಯಾಂಕೇ ಗೆಲ್ಲುತ್ತಿತ್ತು.

ಮೂಲದಲ್ಲಿ ಹೇಳದಿದ್ದರೂ ‘ನಮ್ಮಲ್ಲಿ’ ಎಂಬ ಪದದಿಂದ ಅಧ್ಯಾಹಾರ ಮಾಡಿಕೊಳ್ಳಬೇಕಾದುದು, ಎಂದರೆ ಹೊರಗಿನಿಂದ ತಂದು ತುಂಬಬೇಕಾದುದು, ಗಾಳಿ ಮತ್ತು ನೆಲ. ಕಡೂರು ಮಳೆನೆರಳಿನ ಬಯಲು. ಅಲ್ಲಿ ಇಂಕು ಬೇಗ ಒಣಗುವುದು, ದೂಳು ಹಾಳೆ ಸೆಳೆಯುವ ರಬ್ಬರ್ ಉರುಳೆಗೆ ಹತ್ತಿ ಯಂತ್ರವು ಹಾಳೆ ಎತ್ತದಾಗುವುದು. ಅಜ್ಜಂಪುರದ ಕಡೆ ಈರುಳ್ಳಿ ಮೂಟೆಗಳ ಸಮೀಪದ ಅಂಗಡಿಗೆ ಹಗುರಾದ ಸಿಪ್ಪೆಯೂ ಹಾರಿ ಬರುವುದು. ಟ್ರೇ ಹೊರಗೆ ಚಾಚಿರುವ ಯಂತ್ರಕ್ಕಿಂತ ಹಾಳೆಯನ್ನು ಪೆಟ್ಟಿಗೆಯೊಳಗೆ ಮುಚ್ಚಿಡುವ ಯಂತ್ರ ಅಲ್ಲಿಗೆ ಲೇಸು. ತರೀಕೆರೆಯಾದರೋ ಕೆಮ್ಮಣ್ಣುಗುಂಡಿಯ ಬೆಟ್ಟಸಾಲಿನ ಬುಡದ್ದು. ಆಷಾಢ, ಶ್ರಾವಣಗಳಲ್ಲಿ ಬಿಚ್ಚಿಟ್ಟ ಹಾಳೆ ಹಪ್ಪಳದಂತೆ ಮೆದುವಾಗಿ, ಲೇಸರಿನ ಶಾಖಕ್ಕೆ ಸುರುಳಿಗೊಂಡು ಸಿಕ್ಕಿಕೊಳ್ಳುವುದು. ಅಲ್ಲಿ ರೀಮನ್ನು ಕಟ್ಟು ಬಿಚ್ಚದೆ ಇಟ್ಟು, ಆ ದಿನಕ್ಕೆ ಬೇಕಾದಷ್ಟನ್ನೇ ಟ್ರೇಗೆ ಹಾಕುವುದು ವಿಹಿತ.

‘ಹಾಳೆಗೆ ಎಷ್ಟು ಬೀಳುತ್ತೆ?’ ಎಂಬುದು ಮೂಲದ ಏಕೈಕ ಪ್ರಶ್ನೆ. ಬಹುಜನರು ಕೇಳದೆ ಬಿಡುವ ಪ್ರಶ್ನೆಯೂ ಇದೇ. ಯಂತ್ರದ ಬೆಲೆ ಒಮ್ಮೆ ಕೊಡುವುದು, ಹಾಳೆಯ ಬೆಲೆ ದಿನವೂ ಕೊಡುವುದು. ಒಂದು ಯಂತ್ರ 3,000 ರೂಪಾಯಿ ಅಗ್ಗವಾಗಿದ್ದು ಹಾಳೆಗೆ 40 ಪೈಸೆ ಹೆಚ್ಚು ತಿಂದರೆ, ತಿಂಗಳಿಗೆ 1,500 ಹಾಳೆಯ ಲೆಕ್ಕದಲ್ಲಿ 600 ರೂಪಾಯಿ ಹೋಗುವುದು. ಐದು ತಿಂಗಳಿಗೆ ಅಗ್ಗವೆಲ್ಲ ಕರಗುವುದು. ಜೆರಾಕ್ಸ್ ಅಂಗಡಿಗಳಲ್ಲಿ ಬಹುಕಾಲ ದುಡಿದ ಹೆಚ್‌ಪಿ 1020 ಲೇಸರಿನ 12ಎ ಕಾರ್ಟ್ರಿಜ್ಜಿಗೆ ತಯಾರಕರು ಹೇಳುವುದು 2,000 ಹಾಳೆ. ಎಪ್ಸನ್ ಇಂಕ್ ಟ್ಯಾಂಕಿನ 003 ಕಪ್ಪು ಬಾಟಲಿಗೆ 4,500 ಹಾಳೆ. ಇಂಥ ಸಂಖ್ಯೆಗಳ ಹಿಂದಿರುವುದು ಹಾಳೆಯ ನೂರರಲ್ಲಿ ಐದು ಭಾಗದಷ್ಟು ಮಾತ್ರ ಮಸಿ ಬೀಳುವ ಪುಟ. ಕೋಷ್ಟಕದ ಗೆರೆಗಳಿಂದ ತುಂಬಿದ ಪುಟಕ್ಕೂ ಕಪ್ಪಾಗಿ ಬರುವ ಆಧಾರಿನ ನಕಲಿಗೂ ಹೆಚ್ಚು ಬೀಳುವುದರಿಂದ, ಹೇಳಿದಷ್ಟು ಹಾಳೆ ಬಾರದು. ಲೆಕ್ಕವನ್ನು ಸ್ವಲ್ಪ ಕಡಿಮೆಗೇ ಹಿಡಿಯತಕ್ಕದ್ದು.

‘ಕೆಟ್ರೆ’ ಎಂಬುದು ಶಂಕೆಯ ಮಾತಲ್ಲ, ಖಚಿತವಾಗಿ ಬರುವ ದಿನದ ಮಾತು. ‘ಇಲ್ಲೇ’ ಎಂಬಲ್ಲಿಯ ಅವಧಾರಣೆ, ಅಂದರೆ ಬೇರೆಡೆಯನ್ನು ನಿಷೇಧಿಸುವ ಒತ್ತು, ಗಮನಾರ್ಹ. ಕಡೂರಿನಿಂದ ಚಿಕ್ಕಮಗಳೂರಿಗೆ 40 ಕಿಲೋಮೀಟರ್. ಯಂತ್ರ ಹೊತ್ತು ಹೋಗಿ ಬರುವುದೆಂದರೆ ಅಂಗಡಿಗೆ ಒಂದು ದಿನ ಬಾಗಿಲು ಹಾಕಿದಂತೆ. ಆದುದರಿಂದ ಹೊಸ ಮಾದರಿ ಎಷ್ಟೇ ಚೆಲುವಾಗಿದ್ದರೂ, ಊರಿನ ರಿಪೇರಿಯವನ ಬಳಿ ಅದರ ಪಿಕಪ್ ರೋಲರೂ ಡ್ರಮ್ಮೂ ಇವೆಯೇ, ಅದರ ಕಾರ್ಟ್ರಿಜ್ಜಿಗೆ ಆತ ಪುಡಿ ತುಂಬಬಲ್ಲನೇ ಎಂದು ಮೊದಲು ವಿಚಾರಿಸುವುದು. ಕೆಲವು ಕಾರ್ಟ್ರಿಜ್ಜುಗಳಲ್ಲಿ ಚಿಪ್ ಇರುವುದರಿಂದ ಪುಡಿ ತುಂಬಿದರೂ ಯಂತ್ರವು ಒಪ್ಪದು, ಚಿಪ್ಪನ್ನೂ ಬದಲಿಸಬೇಕಾಗುವುದು. ಈ ಸಂಗತಿಯನ್ನು ದುಡ್ಡು ಪಡೆಯುವ ಮೊದಲೇ ಹೇಳತಕ್ಕದ್ದು; ಮೊದಲ ಸಂಬೋಧನೆಯಿಂದ ಗಿರಾಕಿಯು ಅಂಗಡಿಯವನಲ್ಲಿ ಬೇಡಿದ್ದು ಇದನ್ನೇ.