ವಿಲ್ ಹೇ: ಏನೂ ಗೊತ್ತಿಲ್ಲದ ಮೇಷ್ಟ್ರ ಗತ್ತು

ಚಾಪ್ಲಿನ್ ಬಗ್ಗೆ ಕನ್ನಡದಲ್ಲೂ ಉರ್ದುವಿನಲ್ಲೂ ಬೇಕಾದಷ್ಟು ಬರಹಗಳಿವೆ. ಅದೇ ಇಂಗ್ಲೆಂಡಿನ, ಅದೇ ಫ್ರೆಡ್ ಕಾರ್ನೊ ಕಂಪನಿಯಲ್ಲಿ ಪಳಗಿದ ವಿಲ್ ಹೇ (1888–1949) ಹೆಸರನ್ನು ನಮ್ಮಲ್ಲಿ ಎತ್ತುವವರು ಕಡಿಮೆ. ಪಾಠ ಹೇಳುವ ಕೆಲಸದಲ್ಲಿರುವ ನಮ್ಮಂಥವರಾದರೂ ಅವರನ್ನು ನೋಡಬೇಕು.

ಮ್ಯೂಸಿಕ್ ಹಾಲ್‌ಗಳಲ್ಲಿ ಹೇ ಅವರಿಗೆ ಹೆಸರು ತಂದದ್ದು ಒಂದೇ ಪಾತ್ರ: ಏನೂ ಗೊತ್ತಿಲ್ಲದೆ ಎಲ್ಲ ಗೊತ್ತೆಂದು ನಟಿಸುವ ಮೇಷ್ಟ್ರು. ಮೂಗಿನ ತುದಿಗೆ ಜಾರಿದ ಕನ್ನಡಕ, ಉತ್ತರ ಹೊಳೆಯದಾಗ ಸೊರ್ ಎನ್ನುವ ಮೂಗು. 1937ರ 'ಗುಡ್ ಮಾರ್ನಿಂಗ್ ಬಾಯ್ಸ್'ನಲ್ಲಿ ಈ ಮೇಷ್ಟ್ರು ಹುಡುಗರ ಜೊತೆ ಕುದುರೆ ಜೂಜನ್ನೂ ಆಡುತ್ತಾನೆ! ಆದರೆ ನಗು ಬರುವುದು ಅವನ ದಡ್ಡತನಕ್ಕಲ್ಲ. ಅವನಿಗೆ ಗೊತ್ತಿಲ್ಲ ಅಂತ ಹುಡುಗರಿಗೆ ಗೊತ್ತು, ಅದು ಅವನಿಗೂ ಗೊತ್ತು. ಆದರೂ ಇಜ್ಜತ್ ಉಳಿಸಿಕೊಳ್ಳಲು ಒದ್ದಾಡುತ್ತಾನೆ ನೋಡಿ, ನಗು ಇರುವುದು ಅಲ್ಲಿ.

ಅದೇ ವರ್ಷದ 'ಓ ಮಿಸ್ಟರ್ ಪೋರ್ಟರ್'ನಲ್ಲಿ ಅವನು ಸ್ಟೇಷನ್ ಮಾಸ್ಟರ್. ಟೋಪಿ ಬದಲಾಯಿತು, ಮನುಷ್ಯ ಅವನೇ. ಮುದುಕ ಹಾರ್ಬಾಟಲ್ ಆಗಿ ಮೂರ್ ಮ್ಯಾರಿಯಟ್, ದಪ್ಪ ಹುಡುಗ ಆಲ್ಬರ್ಟ್ ಆಗಿ ಗ್ರಹಾಂ ಮಾಫೆಟ್, ಇಬ್ಬರೂ ಅವನನ್ನು ಕ್ಯಾರೇ ಅನ್ನುವುದಿಲ್ಲ. ಮುಂದೆ ಈಲಿಂಗ್ ಸ್ಟುಡಿಯೋಗೆ ಹೋದಾಗ ಹೇ ಈ ಇಬ್ಬರನ್ನೂ ಬಿಟ್ಟರು. ಅಲ್ಲಿ ಜೊತೆಯಾದ ಕ್ಲಾಡ್ ಹಲ್ಬರ್ಟ್ ಅವರದು ಹೇಗಿಂತ ಪೆದ್ದನ ಪಾತ್ರ. ಪೆದ್ದನ ಮುಂದೆ ಸಿಕ್ಕಿಬೀಳುವ ಭಯ ಯಾಕೆ? ಭಯ ಹೋದಲ್ಲಿ ನಗುವೂ ತೆಳುವಾಯಿತು ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕೆ ಅಪವಾದ 1942ರ 'ದಿ ಗೂಸ್ ಸ್ಟೆಪ್ಸ್ ಔಟ್'. ಇಲ್ಲಿ ಮೇಷ್ಟ್ರು ವೇಷ ಮರೆಸಿ ಜರ್ಮನಿಗೆ ಹೋಗಿ, ಗೂಢಚಾರರಾಗಲು ಕಲಿಯುವ ನಾಜಿ ಹುಡುಗರಿಗೆ ಪಾಠ ಮಾಡುತ್ತಾನೆ. ಎರಡು ಬೆರಳೆತ್ತಿ ಮಾಡುವ ಇಂಗ್ಲಿಷ್ ಬೈಗುಳದ ಸನ್ನೆಯನ್ನೇ ಸಲಾಮು ಅಂತ ಕಲಿಸಿದರೆ, ಅವರು ಹಿಟ್ಲರನ ಚಿತ್ರಕ್ಕೇ ಅದನ್ನು ಮಾಡುತ್ತಾರೆ. ಹಳೆಯ ತರಗತಿಯ ತುಂಟರು ಪ್ರತಿ ಮಾತಿಗೂ ಎದುರು ಪ್ರಶ್ನೆ ಹಾಕುತ್ತಿದ್ದರು. ಇವರು ಹೇಳಿದ್ದನ್ನೆಲ್ಲ ನಂಬುತ್ತಾರೆ. ಯಾವ ತರಗತಿ ಹೆಚ್ಚು ಅಪಾಯ ಅಂತ ಚಿತ್ರ ಭಾಷಣ ಮಾಡುವುದಿಲ್ಲ, ತೋರಿಸುತ್ತದೆ ಅಷ್ಟೇ.

ತಮಾಷೆ ಏನೆಂದರೆ, ಹೇ ನಿಜವಾಗಿ ಓದಿಕೊಂಡವರು. 1933ರ ಆಗಸ್ಟ್‌ನಲ್ಲಿ ಲಂಡನ್ನಿನ ತಮ್ಮ ಮನೆಯ ದೂರದರ್ಶಕದಿಂದ ಶನಿಗ್ರಹದ ಮೇಲೆ ಹೊಸ ಬಿಳಿ ಕಲೆಯನ್ನು ಕಂಡುಹಿಡಿದವರು ಅವರೇ. ತಿಳಿಯದ್ದನ್ನು ತಿಳಿಯದು ಅಂತ ಒಪ್ಪಿಕೊಳ್ಳದೆ ಆಕಾಶ ನೋಡುವ ಕೆಲಸ ಸಾಗುವುದಿಲ್ಲ. ರಂಗದ ಮೇಲಿನ ಆ ಮೇಷ್ಟ್ರಿಗೆ ಬಾರದ ಮಾತೂ ಅದೊಂದೇ: 'ನನಗೆ ಗೊತ್ತಿಲ್ಲ'.