ಏಕಮಾನವಿಲ್ಲದ ವೇಗ

ಜವಕ್ಕೂ ವೇಗಕ್ಕೂ ಇರುವ ವ್ಯತ್ಯಾಸವೇನೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ದಿಕ್ಕನ್ನು ಹೇಳದಿದ್ದರೆ ಜವ, ದಿಕ್ಕನ್ನೂ ಹೇಳಿದರೆ ವೇಗ; ಮೊದಲನೆಯದು ಅದಿಶ, ಎರಡನೆಯದು ಸದಿಶ; ಎರಡಕ್ಕೂ ಏಕಮಾನ ಸೆಕೆಂಡಿಗೆ ಮೀಟರ್ ಎಂಬ ಉತ್ತರ ಬರುತ್ತದೆ. ಇದೇ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳನ್ನು ಸೇರುತ್ತಾರೆ. ಅಲ್ಲಿ ಅವರಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ನಿಮ್ಮ ತಂಡದ ವೆಲಾಸಿಟಿ ಎಷ್ಟು?' ಎಂಬುದು. ಉತ್ತರ 'ಮೂವತ್ತೆರಡು' ಎಂದಿರುತ್ತದೆ. ಮೂವತ್ತೆರಡು ಏನು, ಯಾವ ದಿಕ್ಕಿನಲ್ಲಿ, ಯಾವ ಉಪಕರಣದಿಂದ ಅಳೆದದ್ದು ಎಂದು ಯಾರೂ ಕೇಳುವುದಿಲ್ಲ.

ತಂತ್ರಾಂಶ ಉತ್ಪನ್ನ ನಿರ್ವಹಣೆ ಇಂದು ಒಂದು ವೃತ್ತಿ. ಯಾವ ತಂತ್ರಾಂಶವನ್ನು, ಯಾರಿಗಾಗಿ, ಯಾವ ಕ್ರಮದಲ್ಲಿ ಕಟ್ಟಬೇಕು, ಕಟ್ಟಿದ ಮೇಲೆ ಅದು ನಿಜವಾಗಿ ಉಪಯೋಗಕ್ಕೆ ಬಂದಿತೇ ಎಂದು ನಿರ್ಧರಿಸುವ ಕೆಲಸವಿದು. ಒಬ್ಬ ಗ್ರಾಹಕನ ಅಪ್ಪಣೆಯಂತೆ ಮಾಡಿಕೊಡುವ ಸೇವೆ ಬೇರೆ. ಟ್ಯಾಲಿ, ಫಿನಾಕಲ್‌ಗಳಂತೆ ಒಮ್ಮೆ ರೂಪಿಸಿ ಅನೇಕರಿಗೆ ಮಾರುವ ಉತ್ಪನ್ನ ಬೇರೆ. ಎರಡನೆಯದರಲ್ಲಿ ಏನು ಬೇಕೆಂದು ಹೇಳಲು ಒಬ್ಬ ಯಜಮಾನನಿರುವುದಿಲ್ಲ. ಊಹಿಸಬೇಕು, ಪರೀಕ್ಷಿಸಬೇಕು, ಅಳೆಯಬೇಕು. ಹೀಗಾಗಿ ಈ ಕ್ಷೇತ್ರದ ಪರಿಭಾಷೆಯಲ್ಲಿ ವಿಜ್ಞಾನದ ಪದಗಳು ಹೇರಳವಾಗಿವೆ. ಪದಗಳ ಜೊತೆಗೆ ಅವುಗಳ ಶಿಸ್ತೂ ಬಂದಿದೆಯೇ ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ. ನಮ್ಮ ತರಗತಿಯಿಂದ ಹೊರಟವರ ದುಡಿಮೆಯನ್ನು ಈ ಸಂಖ್ಯೆಗಳಿಂದಲೇ ತೂಗುವ ಸಂದರ್ಭಗಳಿರುವುದರಿಂದ ಇದು ಕೇವಲ ಪದಗಳ ಜಗಳವಲ್ಲ.

ಈ ಪದಗಳ ವಂಶಾವಳಿ ಬಹಳ ಮಿಶ್ರವಾದುದು. ಉತ್ಪನ್ನ ನಿರ್ವಾಹಕ ಎಂಬ ಹುದ್ದೆಯ ಮೂಲವನ್ನು ಸಾಮಾನ್ಯವಾಗಿ 1931ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ನೀಲ್ ಮೆಕೆಲ್ರಾಯ್ ಬರೆದ ಟಿಪ್ಪಣಿಯೊಂದಕ್ಕೆ ಒಯ್ಯುತ್ತಾರೆ. ಅದು ಸಾಬೂನು ಮಾರಾಟಕ್ಕೆ ಸಂಬಂಧಿಸಿದ್ದು! 'ಸ್ಕ್ರಮ್' ಎಂಬುದು ರಗ್ಬಿ ಆಟದ ಪದ. ಜಪಾನಿನ ಟಾಕೆಯುಚಿ ಮತ್ತು ನೊನಾಕಾ 1986ರ ಲೇಖನವೊಂದರಲ್ಲಿ ಆ ಆಟದ ಹೋಲಿಕೆಯನ್ನು ಹೊಸ ಉತ್ಪನ್ನಗಳ ತಯಾರಿಕೆಗೆ ತಂದರು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಹೊರಡಿಸಿದ 'ಅಜೈಲ್' ಘೋಷಣೆ ಇವೆಲ್ಲಕ್ಕೂ ಒಂದು ಚಳವಳಿಯ ರೂಪ ಕೊಟ್ಟಿತು. ಕೆಲಸವನ್ನು 'ಸ್ಪ್ರಿಂಟ್' ಎಂಬ ಸಣ್ಣ ಸುತ್ತುಗಳಾಗಿ, ಹೆಚ್ಚಾಗಿ ಎರಡೆರಡು ವಾರಗಳಿಗೆ, ವಿಂಗಡಿಸುವುದು ರೂಢಿ. (ಸ್ಪ್ರಿಂಟ್ ಎಂದರೆ ನೂರಿನ್ನೂರು ಮೀಟರಿನ ಓಟ. ಅದನ್ನು ವರ್ಷಕ್ಕೆ ಇಪ್ಪತ್ತಾರು ಬಾರಿ, ಒಂದರ ಬೆನ್ನಿಗೆ ಒಂದರಂತೆ ಓಡುವ ಕ್ರೀಡಾಪಟುವನ್ನು ನಾನಂತೂ ಕಂಡಿಲ್ಲ.)

ಇನ್ನು ವೆಲಾಸಿಟಿಯ ವಿಚಾರ. ತಂಡದವರು ಪ್ರತಿಯೊಂದು ಕೆಲಸಕ್ಕೂ 'ಸ್ಟೋರಿ ಪಾಯಿಂಟ್' ಎಂಬ ಅಂಕ ನೀಡುತ್ತಾರೆ. ಬಹುತೇಕ ತಂಡಗಳಲ್ಲಿ ಈ ಅಂಕಗಳು 1, 2, 3, 5, 8, 13 ಎಂಬ ಫಿಬೊನಾಚ್ಚಿ ಸರಣಿಯಿಂದ ಆಯ್ದವು. ಒಂದು ಸುತ್ತಿನಲ್ಲಿ ಮುಗಿದ ಕೆಲಸಗಳ ಅಂಕಗಳನ್ನು ಕೂಡಿದರೆ ಬರುವ ಮೊತ್ತವೇ ವೆಲಾಸಿಟಿ. 8 ಅಂಕದ ಕೆಲಸ 5 ಅಂಕದ ಕೆಲಸಕ್ಕಿಂತ ದೊಡ್ಡದು ಎಂಬುದಷ್ಟನ್ನು ಖಚಿತವಾಗಿ ಹೇಳಬಹುದು. ಎಷ್ಟು ದೊಡ್ಡದು? ಅದಕ್ಕೆ ಉತ್ತರವಿಲ್ಲ.

ನಮಗೆ ಪರಿಚಿತವಾದ ಉದಾಹರಣೆಯೊಂದನ್ನು ನೋಡೋಣ. ಖನಿಜಗಳ ಗಡಸುತನಕ್ಕೆ ಜರ್ಮನಿಯ ಖನಿಜತಜ್ಞ ಮೋಸ್ 1812ರಲ್ಲಿ ರೂಪಿಸಿದ ಮಾಪಕವಿದೆ. ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ಗೆ 1, ಕುರುಂದಕ್ಕೆ 9, ವಜ್ರಕ್ಕೆ 10. ಯಾವುದು ಯಾವುದರ ಮೇಲೆ ಗೀರು ಮೂಡಿಸುತ್ತದೆ ಎಂಬುದನ್ನು ಮಾತ್ರ ಈ ಅಂಕಗಳು ತಿಳಿಸುತ್ತವೆ. ಉಪಕರಣದಿಂದ ಅಳೆದಾಗ ವಜ್ರ ಕುರುಂದಕ್ಕಿಂತ ಸುಮಾರು ನಾಲ್ಕು ಪಟ್ಟು ಗಡಸು. 9 ಮತ್ತು 10ರ ನಡುವಿನ 'ಒಂದು' ಈ ಸಂಗತಿಯನ್ನು ಮುಚ್ಚಿಡುತ್ತದೆ. ಆದುದರಿಂದ ಒಂದು ಬುಟ್ಟಿಯಲ್ಲಿರುವ ಕಲ್ಲುಗಳ ಮೋಸ್ ಅಂಕಗಳನ್ನು ಕೂಡಿಸಿ 'ಬುಟ್ಟಿಯ ಒಟ್ಟು ಗಡಸುತನ 47' ಎನ್ನುವುದು ಹಾಸ್ಯಾಸ್ಪದ. ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಮಾಪಕಗಳನ್ನು ನಾಮ, ಕ್ರಮ, ಅಂತರ, ಅನುಪಾತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಯಾವ ಗಣಿತಕ್ರಿಯೆ ಸಲ್ಲುತ್ತದೆ ಎಂದು ತೋರಿಸಿದ. ಸ್ಟೋರಿ ಪಾಯಿಂಟ್ ಹೆಚ್ಚೆಂದರೆ ಕ್ರಮಮಾಪಕ. ಅದನ್ನು ಕೂಡುವುದೇ ಪ್ರಶ್ನಾರ್ಹ. ಕೂಡಿದ್ದನ್ನು ಕಾಲದಿಂದ ಭಾಗಿಸಿ ವೇಗವೆಂದು ಕರೆಯುವುದು ಇನ್ನೂ ಮುಂದಿನ ಸಾಹಸ.

ಹಾಗಾದರೆ ಇದು ಪೂರ್ತಿ ನಿರುಪಯೋಗಿಯೇ? ಹಾಗೆನ್ನಲಾಗದು. ಒಂದೇ ತಂಡ, ಒಂದೇ ಬಗೆಯ ಕೆಲಸ, ಅದೇ ಜನ ಅದೇ ಅಭ್ಯಾಸದಿಂದ ಅಂಕ ನೀಡುತ್ತಿದ್ದರೆ ಒರಟು ಅಂದಾಜಿಗೆ ಇದು ನೆರವಾಗುತ್ತದೆ. ಕಳೆದ ಆರು ಸುತ್ತುಗಳಲ್ಲಿ 24, 38, 30, 35, 27, 38 ಅಂಕಗಳು ಬಂದಿವೆ ಎನ್ನಿ. ಸರಾಸರಿ 32, ಮಾನಕ ವಿಚಲನೆ ಸುಮಾರು 6. ಉಳಿದ ಕೆಲಸ 160 ಅಂಕಗಳಷ್ಟಿದ್ದರೆ ಐದು ಸುತ್ತುಗಳು ಬೇಕಾದಾವು, ಆರೂ ಆಗಬಹುದು. ಪ್ರಯೋಗಾಲಯದಲ್ಲಿ ಲೋಲಕದ ಅವಧಿಯನ್ನು ದೋಷದ ಮಿತಿಯೊಂದಿಗೆ ಬರೆಯದ ವಿದ್ಯಾರ್ಥಿಯ ಅಂಕವನ್ನು ನಾವು ಕಡಿತಗೊಳಿಸುತ್ತೇವೆ. ಸಭೆಯಲ್ಲಿ '32' ಎಂದಷ್ಟೇ ತೋರಿಸುವ ನಿರ್ವಾಹಕನಿಗೂ ಅದೇ ನಿಯಮ ಅನ್ವಯಿಸಬೇಕು.

ತೊಂದರೆ ಉಂಟಾಗುವುದು ಈ ಸಂಖ್ಯೆ ತಂಡದ ಕೊಠಡಿಯಿಂದ ಹೊರಬಿದ್ದಾಗ. ಒಂದು ತಂಡ 3 ಅಂಕ ಕೊಡುವ ಕೆಲಸಕ್ಕೆ ಪಕ್ಕದ ತಂಡ 8 ಕೊಟ್ಟೀತು. ಎರಡು ತಂಡಗಳ ವೆಲಾಸಿಟಿಯನ್ನು ಹೋಲಿಸುವುದೆಂದರೆ ಒಬ್ಬ ಗೇಣಿನಲ್ಲಿ, ಇನ್ನೊಬ್ಬ ಮೊಳದಲ್ಲಿ ಅಳೆದ ಗದ್ದೆಗಳನ್ನು ಬರಿಯ ಸಂಖ್ಯೆಯಿಂದ ಹೋಲಿಸಿದಂತೆ. 'ಮುಂದಿನ ಮೂರು ತಿಂಗಳಲ್ಲಿ ಶೇಕಡಾ 20 ಹೆಚ್ಚಬೇಕು' ಎಂಬ ಗುರಿ ಬಂದರಂತೂ ಮೊದಲು 3 ಅಂಕ ಪಡೆಯುತ್ತಿದ್ದ ಕೆಲಸ ಸದ್ದಿಲ್ಲದೆ 5ಕ್ಕೆ ಏರುತ್ತದೆ. ಅಳತೆಗೋಲನ್ನು ಕುಗ್ಗಿಸಿದರೆ ಎಲ್ಲರೂ ಎತ್ತರವಾಗುತ್ತಾರೆ. ಅಳತೆಯನ್ನೇ ಗುರಿ ಮಾಡಿಕೊಂಡಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಈ ವಿದ್ಯಮಾನಕ್ಕೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್‌ನ ಹೆಸರಿದೆ. ಆತ ಅದರ ಮೂಲರೂಪವನ್ನು 1975ರಲ್ಲಿ ಹೇಳಿದ. ಶಾಲೆಯ ಫಲಿತಾಂಶದ ಶೇಕಡಾವಾರನ್ನು ಗುರಿಯಾಗಿಸಿಕೊಂಡು ದುಡಿದ ಅಧ್ಯಾಪಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಟೋರಿ ಪಾಯಿಂಟ್‌ನ ಜನಕರಲ್ಲಿ ಒಬ್ಬನೆಂದು ಹೆಸರಾದ ರಾನ್ ಜೆಫ್ರೀಸ್ 2019ರಲ್ಲಿ ಅದರ ದುರುಪಯೋಗ ಕಂಡು ವಿಷಾದ ವ್ಯಕ್ತಪಡಿಸಿದ್ದುಂಟು. ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿಯ 2020ರ ಆವೃತ್ತಿಯಲ್ಲಿ ವೆಲಾಸಿಟಿ ಎಂಬ ಪದವೇ ಇಲ್ಲ ಎಂಬುದೂ ಗಮನಾರ್ಹ. ಗ್ರಂಥದಲ್ಲಿಲ್ಲದ ದೇವರಿಗೆ ನಿತ್ಯಪೂಜೆ ನಡೆಯುತ್ತಿದೆ.

'ನೆಟ್ ಪ್ರಮೋಟರ್ ಸ್ಕೋರ್' ಎಂಬ ಇನ್ನೊಂದು ಸಂಖ್ಯೆ 2003ರಲ್ಲಿ ಫ್ರೆಡ್ ರೈಕೆಲ್ಡ್‌ನ ಲೇಖನದಿಂದ ಪ್ರಚಾರಕ್ಕೆ ಬಂತು. 'ನಮ್ಮ ಉತ್ಪನ್ನವನ್ನು ಗೆಳೆಯರಿಗೆ ಶಿಫಾರಸು ಮಾಡುವಿರಾ?' ಎಂದು ಕೇಳಿ 0ಯಿಂದ 10ರವರೆಗೆ ಅಂಕ ಪಡೆಯುತ್ತಾರೆ. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6ರವರೆಗೆ ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. 7, 8 ಕೊಟ್ಟವರು ಲೆಕ್ಕಕ್ಕಿಲ್ಲ. ಹತ್ತು ಜನರೂ 6 ಕೊಟ್ಟರೆ ಬರುವ ಫಲ −100. ಹತ್ತು ಜನರೂ ಸೊನ್ನೆ ಕೊಟ್ಟರೂ −100. ಹತ್ತು ಜನರೂ 8 ಕೊಟ್ಟರೆ 0. ಐವರು 10, ಐವರು ಸೊನ್ನೆ ಕೊಟ್ಟರೂ 0. ಈ ನಾಲ್ಕು ಸಂದರ್ಭಗಳನ್ನು ಕರಿಹಲಗೆಯ ಮೇಲೆ ಬರೆದು, ಸರಾಸರಿ ಮತ್ತು ಹಂಚಿಕೆಯ ನಕ್ಷೆಯೊಂದಿಗೆ ಹೋಲಿಸಲು ವಿದ್ಯಾರ್ಥಿಗಳಿಗೆ ಹೇಳಿ. ಸಂಖ್ಯಾಶಾಸ್ತ್ರದ ಒಂದು ಒಳ್ಳೆಯ ಪಾಠವಾಗುತ್ತದೆ.

ಎಲ್ಲ ಪದಗಳೂ ಹೀಗೆಯೇ ಎಂದು ಭಾವಿಸಬೇಡಿ. 'ತಾಂತ್ರಿಕ ಸಾಲ' ಎಂಬುದು ನಿಜಕ್ಕೂ ಒಳ್ಳೆಯ ರೂಪಕ. ವಾರ್ಡ್ ಕನಿಂಗ್‌ಹ್ಯಾಮ್ 1992ರಲ್ಲಿ ಹಣಕಾಸು ಸಂಬಂಧಿ ತಂತ್ರಾಂಶವೊಂದರ ಅನುಭವವನ್ನು ವಿವರಿಸುತ್ತ ಇದನ್ನು ಬಳಸಿದ. ಸಮಸ್ಯೆ ಇನ್ನೂ ಪೂರ್ತಿ ಅರ್ಥವಾಗಿರದಿದ್ದರೂ ಈಗಿನ ತಿಳಿವಳಿಕೆಯಂತೆ ತಂತ್ರಾಂಶ ಬರೆದು ಬಳಕೆಗೆ ಬಿಡುವುದು ಸಾಲ ಪಡೆದಂತೆ. ತಿಳಿವಳಿಕೆ ಬೆಳೆದಂತೆ ಮರಳಿ ಬರೆಯುವುದು ಸಾಲ ತೀರಿಸಿದಂತೆ. ತೀರಿಸದಿದ್ದರೆ ಮುಂದಿನ ಪ್ರತಿಯೊಂದು ಬದಲಾವಣೆಯಲ್ಲೂ ಬಡ್ಡಿ ತೆರಬೇಕು. ಇದರ ಅತ್ಯುತ್ತಮ ನಿದರ್ಶನ ನಮ್ಮ ಭಾಷೆಯಲ್ಲಿಯೇ ಇದೆ. ಗಣಕಗಳಲ್ಲಿ ಕನ್ನಡಕ್ಕೆ ನೇರ ವ್ಯವಸ್ಥೆಯಿಲ್ಲದಿದ್ದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ ಫಾಂಟ್‌ಗಳು ಬಂದವು. ಆಗ ಅದು ವಿವೇಕದ ನಿರ್ಧಾರವೇ. ಅದರಿಂದಲೇ ಕನ್ನಡದ ಪುಸ್ತಕ, ಪತ್ರಿಕೆಗಳು ಗಣಕವನ್ನೇರಿದವು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತರೂ ಮುದ್ರಣಕ್ಷೇತ್ರದಲ್ಲಿ ಹಳೆಯ ಕ್ರಮವೇ ಬಹುಕಾಲ ಮುಂದುವರಿಯಿತು. ಹೀಗೆ ಸಿದ್ಧವಾದ ಕಡತಗಳು ಫಾಂಟ್ ಬದಲಾದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತವೆ. ಅವುಗಳಲ್ಲಿ ಕನ್ನಡ ಪದವನ್ನು ಹುಡುಕಲಾಗುವುದಿಲ್ಲ. ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತುಗಳು ಕೈಕೊಡುತ್ತವೆ. ಒಂದೊಂದು ಕಡತದ ಪರಿವರ್ತನೆಯಲ್ಲೂ ನಾವು ತೆರುತ್ತಿರುವುದು ಆ ಬಡ್ಡಿಯನ್ನೇ.

ಕನಿಂಗ್‌ಹ್ಯಾಮ್‌ನ ಅರ್ಥದಲ್ಲಿ ಸಾಲವೆಂದರೆ ಅಪೂರ್ಣ ತಿಳಿವಳಿಕೆ, ಕಳಪೆ ಕೆಲಸವಲ್ಲ. ಆತ ಮುಂದೆ ಇದನ್ನು ಸ್ಪಷ್ಟಪಡಿಸಿದ್ದಾನೆ. ಆದರೂ ಅವಸರದಲ್ಲಿ ಮಾಡಿದ ಕೊಳಕು ಕೆಲಸಕ್ಕೆಲ್ಲ 'ತಾಂತ್ರಿಕ ಸಾಲ' ಎಂಬ ಮರ್ಯಾದೆಯ ಹೆಸರು ಕೊಡುವುದು ಈಗ ರೂಢಿಯಾಗಿದೆ. ಗೋಡೆ ಸೋರಿದರೆ ಮೇಸ್ತ್ರಿ ಅದನ್ನು ಸಾಲವೆನ್ನುವುದಿಲ್ಲ.

'ಮಿನಿಮಮ್ ವಯಬಲ್ ಪ್ರಾಡಕ್ಟ್' ಎಂಬ ಪದಪುಂಜವನ್ನು 2001ರಲ್ಲಿ ಫ್ರಾಂಕ್ ರಾಬಿನ್ಸನ್ ಬಳಕೆಗೆ ತಂದ. ಎರಿಕ್ ರೀಸ್ 2011ರ ತನ್ನ ಪುಸ್ತಕದಿಂದ ಅದನ್ನು ಮನೆಮಾತಾಗಿಸಿದ. ರೀಸ್‌ನ ವ್ಯಾಖ್ಯೆಯ ತಿರುಳು ಇಷ್ಟು: ಅತಿ ಕಡಿಮೆ ಶ್ರಮದಿಂದ ಗ್ರಾಹಕರ ಬಗೆಗೆ ಅತಿ ಹೆಚ್ಚು ತಿಳಿವಳಿಕೆ ತಂದುಕೊಡುವ ಆವೃತ್ತಿ. ಎಂದರೆ ಅದೊಂದು ಪ್ರಯೋಗ. ಪ್ರಯೋಗವೆಂದ ಮೇಲೆ ಒಂದು ಊಹನವಿರಬೇಕು, ಆ ಊಹನ ಸುಳ್ಳಾಗಬಲ್ಲ ಫಲಿತಾಂಶ ಯಾವುದೆಂದು ಮೊದಲೇ ಬರೆದಿಟ್ಟಿರಬೇಕು. ವ್ಯವಹಾರದಲ್ಲಿ ಈ ಹೆಸರಿನಲ್ಲಿ ಅನೇಕ ವೇಳೆ ಹೊರಬರುವುದು ಅರೆಬೆಂದ ಉತ್ಪನ್ನ. 'ವಯಬಲ್' ಎಂಬುದನ್ನು ಜೀವವಿಜ್ಞಾನಿಗಳು ಬೀಜದ ಕುರಿತು ಬಳಸುತ್ತಾರೆ: ಮೊಳೆಯಬಲ್ಲದ್ದು ಎಂದರ್ಥ. ರಾಗಿಯ ಕಾಳು ಎಷ್ಟು ಚಿಕ್ಕದಾದರೂ ಮೊಳೆಯಲು ಬೇಕಾದುದೆಲ್ಲ ಅದರೊಳಗಿರುತ್ತದೆ. ಕತ್ತರಿಸಿದ ತೆಂಗಿನಕಾಯಿಯ ಹೋಳು ಅದಕ್ಕಿಂತ ಬಹಳ ದೊಡ್ಡದು, ಆದರೆ ನೆಟ್ಟರೆ ಹುಟ್ಟುವುದಿಲ್ಲ.

ಎರಡು ರೂಪಗಳನ್ನು ಬೇರೆಬೇರೆ ಬಳಕೆದಾರರಿಗೆ ಯಾದೃಚ್ಛಿಕವಾಗಿ ತೋರಿಸಿ ಹೋಲಿಸುವ 'ಎ/ಬಿ ಪರೀಕ್ಷೆ' ಈ ಕ್ಷೇತ್ರದಲ್ಲಿ ವಿಜ್ಞಾನಕ್ಕೆ ಅತ್ಯಂತ ಸಮೀಪವಾದುದು. ಅದರ ಹಿಂದಿರುವುದು ಕೃಷಿ ಪ್ರಯೋಗಗಳಿಗಾಗಿ ಆರ್. ಎ. ಫಿಶರ್ ಬೆಳೆಸಿದ ವಿಧಾನ. ಆತನ ಗ್ರಂಥ 1935ರದು. ಆದರೆ ವಿಧಾನದೊಂದಿಗೆ ಎಚ್ಚರಿಕೆಯೂ ಬೇಕು. ಗೂಗಲ್‌ನಲ್ಲಿ 41 ನೀಲಿ ಛಾಯೆಗಳನ್ನು ಪರೀಕ್ಷಿಸಿದ ಸಂಗತಿ 2009ರಲ್ಲಿ ಸುದ್ದಿಯಾಗಿತ್ತು. ಅಲ್ಲಿ ಯಾವ ಸಂಖ್ಯಾವಿಧಾನ ಬಳಸಿದರೆಂಬುದು ಬೇರೆ ಮಾತು. ನಾವು ಲೆಕ್ಕವನ್ನಷ್ಟೇ ಮಾಡೋಣ. ಛಾಯೆಗಳ ನಡುವೆ ವಾಸ್ತವವಾಗಿ ಯಾವ ವ್ಯತ್ಯಾಸವೂ ಇಲ್ಲವೆನ್ನಿ. ಶೇಕಡಾ 5ರ ಮಟ್ಟದಲ್ಲಿ 40 ಹೋಲಿಕೆಗಳನ್ನು, ಅವು ಪರಸ್ಪರ ಸ್ವತಂತ್ರವೆಂದು ಭಾವಿಸಿ ಮಾಡಿದರೆ, ಒಂದಾದರೂ 'ಗೆಲ್ಲುವ' ಸಂಭವನೀಯತೆ 1 − (0.95)⁴⁰, ಎಂದರೆ ಸುಮಾರು 0.87. ನೀಲಿಯಲ್ಲದೆ ನೀವು ಯಾವ ಬಣ್ಣವನ್ನು ಆರಿಸಿಕೊಂಡರೂ ಇದೇ ಉತ್ತರ ಬರುತ್ತದೆ.

ಕೊನೆಯದಾಗಿ ಕನ್ನಡ ಪದಗಳ ಪ್ರಶ್ನೆ. ಪಠ್ಯ ಬರೆಯುವವರಿಗೂ ಅನುವಾದಿಸುವವರಿಗೂ ಇದು ಎದುರಾಗುತ್ತದೆ. 'ಬ್ಯಾಕ್‌ಲಾಗ್' ಎಂದೊಡನೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೆನಪಾಗುವುದು ಉಳಿದುಹೋದ ಪರೀಕ್ಷೆ; ಸರ್ಕಾರಿ ಕಚೇರಿಯಲ್ಲಿ ಅದು ಭರ್ತಿಯಾಗದ ಮೀಸಲು ಹುದ್ದೆ. ಎರಡರಲ್ಲೂ ತೀರಿಸಲೇಬೇಕಾದ ಬಾಕಿಯ ಭಾವವಿದೆ. ಉತ್ಪನ್ನದ ಬ್ಯಾಕ್‌ಲಾಗ್ ಹಾಗಲ್ಲ. ಮಾಡಬಹುದಾದ ಕೆಲಸಗಳ, ಆದ್ಯತೆಗೆ ತಕ್ಕಂತೆ ಜೋಡಿಸಿದ ಪಟ್ಟಿಯದು. ಅದರ ಕೆಳತುದಿಯಲ್ಲಿರುವುದನ್ನು ಎಂದೂ ಮಾಡದೆ ಕೈಬಿಟ್ಟರೂ ದೋಷವಿಲ್ಲ. ಆದುದರಿಂದ 'ಬಾಕಿ ಕೆಲಸ' ಎಂಬ ಅನುವಾದಕ್ಕಿಂತ 'ಕೆಲಸಗಳ ಸರದಿಪಟ್ಟಿ' ಎನ್ನುವುದು ಲೇಸು. ವೆಲಾಸಿಟಿಗೆ 'ವೇಗ' ಎಂದು ಬರೆಯುವುದನ್ನಂತೂ ನಾನು ಒಪ್ಪಲಾರೆ. ಜವ, ವೇಗಗಳನ್ನು ಬೇರ್ಪಡಿಸಿಕೊಳ್ಳಲು ಕನ್ನಡ ಪಠ್ಯಗಳು ಪಟ್ಟ ಶ್ರಮ ವ್ಯರ್ಥವಾಗಬಾರದು. ಅದಕ್ಕೆ 'ಸುತ್ತಿನ ಇಳುವರಿ' ಎಂಬ ಪದವನ್ನು ಸೂಚಿಸುತ್ತೇನೆ. ಒಂದು ಹೊಲದ ಇಳುವರಿ ಕಳೆದ ವರ್ಷಕ್ಕಿಂತ ಹೆಚ್ಚಿತೇ, ಕಡಿಮೆಯಾಯಿತೇ ಎಂದು ರೈತ ಕೇಳುತ್ತಾನೆ. ಮಳೆ ಹೇಗಿತ್ತೆಂದೂ ಜೊತೆಗೇ ಕೇಳುತ್ತಾನೆ. ತನ್ನ ರಾಗಿಯ ಕ್ವಿಂಟಾಲುಗಳನ್ನು ನೆರೆಯವನ ತೆಂಗಿನಕಾಯಿಗಳ ಎಣಿಕೆಯೊಂದಿಗೆ ಹೋಲಿಸಲು ಆತ ಹೋಗುವುದಿಲ್ಲ.